ಖಾಲಿ ಅಂಗೈಯ ನಲವತ್ತು ಸೆಕೆಂಡು

ಯಂತ್ರವೊಂದು ಮನುಷ್ಯರ ಕೈ ನೋಡಿ ಕೆಲಸ ಕಲಿಯುತ್ತದೆ ಎಂದುಕೊಳ್ಳಿ. ಹೊಸದಾಗಿ ಬಂದ ಸೊಸೆ ಅತ್ತೆಯ ಮಗ್ಗುಲಲ್ಲಿ ನಿಂತು ಒಬ್ಬಟ್ಟು ತಟ್ಟುವುದನ್ನು ಕಲಿಯುತ್ತಾಳಲ್ಲ, ಹಾಗೆ. ಅತ್ತೆ ಕಣಕ ಮುಟ್ಟುವ ಮೊದಲು ಸೆರಗಿಗೆ ಕೈ ಒರೆಸಿಕೊಂಡರೆ ಸೊಸೆಯೂ ಒರೆಸಿಕೊಳ್ಳುತ್ತಾಳೆ. ಅದು ಒಬ್ಬಟ್ಟಿಗೆ ಬೇಕಾದದ್ದೋ ಅತ್ತೆಯ ಅಭ್ಯಾಸವೋ ಅವಳಿಗೆ ಗೊತ್ತಿರುವುದಿಲ್ಲ. ಯಂತ್ರಕ್ಕೆ ಗೊತ್ತಿರುತ್ತದೆಯೇ?

ಮರಳಕಟ್ಟೆಯ ಚಿಪ್ ಕಾರ್ಖಾನೆಯಲ್ಲಿ ಈ ಪ್ರಶ್ನೆ ಎದ್ದದ್ದು ಕಾರ್ತಿಕದ ಒಂದು ಸೋಮವಾರ, ಬೆಳಗಿನ ಪಾಳಿಯಲ್ಲಿ. ನಂಜನಗೂಡಿನಿಂದ ಹದಿನೆಂಟು ಕಿಲೋಮೀಟರ್ ಆಚೆ, ಹುರುಳಿ ಬೆಳೆಯುತ್ತಿದ್ದ ಬಯಲಿನಲ್ಲಿ ಆ ಕಾರ್ಖಾನೆ ಎದ್ದು ಹದಿನಾಲ್ಕು ವರ್ಷಗಳಾಗಿದ್ದವು. ಕಪಿಲೆಯ ನೀರು ಕೊಳವೆಯಲ್ಲಿ ಬಂದು, ಏಳು ಬಾರಿ ಸೋಸಿಕೊಂಡು, ತನ್ನ ರುಚಿಯನ್ನೂ ಕಳೆದುಕೊಂಡು ಒಳಗೆ ಹೋಗುತ್ತಿತ್ತು. ಊಟದ ತಟ್ಟೆಯಷ್ಟಗಲದ ಸಿಲಿಕಾನ್ ಬಿಲ್ಲೆಗಳು ಒಂದು ಬಾಗಿಲಲ್ಲಿ ಕನ್ನಡಿಯಂತೆ ಒಳಹೊಕ್ಕು, ಮೂರು ತಿಂಗಳು ನೂರಾರು ಯಂತ್ರಗಳ ಬಾಯಿ ಹಾಯ್ದು, ಇನ್ನೊಂದು ಬಾಗಿಲಲ್ಲಿ ಸಾವಿರ ಸಾವಿರ ಚಿಪ್ಪುಗಳನ್ನು ಹೊತ್ತು ಹೊರಬರುತ್ತಿದ್ದವು. ಆ ಚಿಪ್ಪುಗಳು ಹೆಚ್ಚಾಗಿ ಹೋಗುತ್ತಿದ್ದದ್ದು ಹೃದ್ರೋಗಿಗಳ ಎದೆಯೊಳಗೆ ಕೂರಿಸುವ ಪೇಸ್‌ಮೇಕರ್‌ಗಳಿಗೆ.

ಆ ನೂರಾರು ಯಂತ್ರಗಳ ನಡುವೆ ಕೊರೆಯುವ ಯಂತ್ರಗಳು ಅಂತ ಒಂದು ಸಾಲು ಇತ್ತು. ಅವುಗಳ ಹೊಟ್ಟೆಯಲ್ಲಿ ಅನಿಲವನ್ನು ಮಿಂಚಿನಂತೆ ಉರಿಸಿ ಬಿಲ್ಲೆಯ ಮೇಲೆ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಾಲುವೆಗಳನ್ನು ಕೊರೆಯುತ್ತಾರೆ. ಉರಿದಲ್ಲಿ ಮಸಿ ಕೂರುವುದು ಸಹಜ. ಅದಕ್ಕೇ ಮೂರು ದಿನಕ್ಕೊಮ್ಮೆ ಯಂತ್ರದ ಮುಚ್ಚಳ ತೆಗೆದು, ಒಳಗೋಡೆ ಒರೆಸಿ, ತಳದ ಉಂಗುರ ಬದಲಿಸಿ, ಮುಚ್ಚಳವನ್ನು ಗಾಳಿ ಆಡದಂತೆ ಬಿಗಿದು ಮುಚ್ಚಬೇಕು. ಉಂಗುರ ಎಳೆಯಷ್ಟು ಓರೆಯಾಗಿ ಕೂತರೂ, ಒರೆಸಿದ ಬಟ್ಟೆಯ ನಾರೊಂದು ಉಳಿದರೂ ಮುಂದಿನ ಮೂರು ದಿನದ ಬಿಲ್ಲೆಗಳಲ್ಲಿ ಕಣ್ಣಿಗೆ ಕಾಣದ ಕುಂದು. ಮೊದಲ ಸಾಲಿನಲ್ಲಿ ಈ ಶುದ್ಧಿಯ ಕೆಲಸ ಮಾಡುತ್ತಿದ್ದವರು ಏಳು ಮಂದಿ ಕಾಯಂ ನೌಕರರು. ಅವರಲ್ಲಿ ಮೊದಲಿನಿಂದ ಇದ್ದವಳು ದಾಕ್ಷಾಯಿಣಿ.

ದಾಕ್ಷಾಯಿಣಿ ಮರಳಕಟ್ಟೆಯವಳೇ. ನಲವತ್ತೇಳು ವರ್ಷ. ಬೆಳಿಗ್ಗೆ ಎದ್ದು ಮಿಂದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಹೊರಟರೆ, ಕಾರ್ಖಾನೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ವಿಭೂತಿಯನ್ನು ಒದ್ದೆ ಕಾಗದದಿಂದ ಒರೆಸಿ ತೆಗೆಯಬೇಕು. ಒಳಗೆ ಧೂಳಿನ ಒಂದು ಕಣವೂ ಹೋಗಕೂಡದು. ಹದಿನಾಲ್ಕು ವರ್ಷ ಒರೆಸಿದರೂ ಒರೆಸುವಾಗ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ಬೆಳ್ಳಿಯ ಕರಡಿಗೆಯನ್ನೂ ಒಳಗೆ ಬಿಡುತ್ತಿರಲಿಲ್ಲ. ನಾರು ಬಿಡದ ಕಾರ್ಖಾನೆಯ ಬಟ್ಟೆಯಲ್ಲೇ ಒಂದು ಚೀಲ ಹೊಲಿದು, ಅದರಲ್ಲಿ ಲಿಂಗವನ್ನಿಟ್ಟು ಎದೆಗೆ ಕಟ್ಟಿಕೊಳ್ಳಲು ಹಿಂದಿನ ಸುರಕ್ಷತಾ ಅಧಿಕಾರಿ ಒಪ್ಪಿದ್ದರು. ಅದರ ಮೇಲೆ ಬಿಳಿಯ ಮುಸುಕಿನ ಉಡುಪು, ಬಾಯಿಗೆ ಪಟ್ಟಿ, ಎರಡು ಜೊತೆ ಕೈಗವಸು. ಕಣ್ಣೆರಡು ಮಾತ್ರ ಹೊರಗೆ.

ಕಾರ್ಖಾನೆ ಶುರುವಾದ ವರ್ಷ ಆಯುಧಪೂಜೆ ಬಂದಾಗ ಯಂತ್ರಕ್ಕೆ ಕುಂಕುಮವಿಲ್ಲ, ಹೂವಿಲ್ಲ, ಊದಿನಕಡ್ಡಿಯಿಲ್ಲ. ಹೊರಗೆ ಬಸ್ಸುಗಳಿಗೆ ಬಾಳೆಕಂದು ಕಟ್ಟಿದ್ದರು. ಒಳಗಿನ ಯಂತ್ರಗಳು ಬೋಳಾಗಿ ನಿಂತಿದ್ದವು. ಅಂದು ಶುದ್ಧಿಯ ಕೆಲಸ ಮುಗಿಸಿ ಮುಚ್ಚಳ ಮುಚ್ಚಿದ ದಾಕ್ಷಾಯಿಣಿಗೆ ಬೇರೇನೂ ತೋಚಲಿಲ್ಲ. ಎಡಗೈಯನ್ನು ಎದೆಯ ಮುಂದೆ ಚಾಚಿ, ಅಂಗೈ ತೆರೆದು, ಅಲ್ಲಿ ಲಿಂಗವಿದೆಯೆಂದು ಭಾವಿಸಿ, ಕಣ್ಣು ನೆಟ್ಟು ನಿಂತಳು. ಮನಸ್ಸು ಕೂತ ಮೇಲೆ ಯಂತ್ರ ಶುರುಮಾಡುವ ಗುಂಡಿ ಒತ್ತಿದಳು. ಆ ದಿನದಿಂದ ಪ್ರತಿ ಸಲವೂ ಹಾಗೇ ಮಾಡಿದಳು. ನೋಡಿ ನೋಡಿ ಉಳಿದ ಆರು ಮಂದಿಗೂ ಅದು ಅಂಟಿತು. ಅವರಲ್ಲಿ ಹಿರಿಯನಾದ ರಾಚಯ್ಯ ಮಾದೇಶ್ವರನ ಒಕ್ಕಲು. ಅವನು ಅಂಗೈಯಲ್ಲಿ ಏನನ್ನು ಕಾಣುತ್ತಿದ್ದನೋ, ಅದು ಅವನಿಗೂ ಅವನ ಮಾದಪ್ಪನಿಗೂ ಬಿಟ್ಟದ್ದು. ಎರಡನೆಯ ಸಾಲು ಶುರುವಾಗಿ, ಅಲ್ಲಿಗೆ ಏಜೆನ್ಸಿಯ ಮೂಲಕ ಹನ್ನೆರಡು ಮಂದಿ ಗುತ್ತಿಗೆಯವರು ಬಂದಾಗ, ಅವರಿಗೆ ಕೆಲಸ ಕಲಿಸಿದವರೂ ಈ ಏಳು ಮಂದಿಯೇ. ಹಾಗಾಗಿ ಅವರೂ ಅಂಗೈ ತೆರೆದು ನಿಲ್ಲುತ್ತಿದ್ದರು.

ಆಮೇಲೆ ಕಲಿಗವಸು ಬಂತು. ನೋಡಲು ಮಾಮೂಲಿ ಕೈಗವಸೇ. ಆದರೆ ಅದರ ಎಳೆಎಳೆಯೂ ಬೆರಳ ಬಾಗು, ಮಣಿಕಟ್ಟಿನ ತಿರುವು, ಒತ್ತಿದ ಬಲ ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಎರಡು ವರ್ಷ ಎಲ್ಲರೂ ಅದನ್ನೇ ಹಾಕಿಕೊಂಡು ಕೆಲಸ ಮಾಡಿದರು. ಮೊದಲ ಸಾಲಿನ ಏಳು ಮಂದಿಯ ಕೈಯಿಂದ ಬಂದ ಬರಹವನ್ನೆಲ್ಲ ಕುಡಿದು ಒಂದು ಯಂತ್ರ ಸಿದ್ಧವಾಯಿತು. ಕಂಬಿಯ ಮೇಲೆ ಜಾರುವ ಎರಡು ಉಕ್ಕಿನ ತೋಳು, ತುದಿಯಲ್ಲಿ ಐದೈದು ಬೆರಳು. ಕಾರ್ಖಾನೆಯವರು ಅದಕ್ಕೇನೋ ಉದ್ದದ ಹೆಸರಿಟ್ಟಿದ್ದರು. ಕೆಲಸಗಾರರು ಜೋಡಿಗೈ ಅಂದರು.

ಕಾರ್ತಿಕದ ಆ ಸೋಮವಾರ ಜೋಡಿಗೈ ಮೊದಲ ಸಲ ತಾನೊಂದೇ ಮುಚ್ಚಳ ತೆಗೆಯಿತು. ಒರೆಸಿತು. ಉಂಗುರ ಕೂರಿಸಿತು. ಮುಚ್ಚಿತು. ಗಾಜಿನಾಚೆ ನಿಂತ ಅಧಿಕಾರಿಗಳು ಕೈ ತಟ್ಟುವುದಕ್ಕೆ ಕೈ ಎತ್ತಿದರು. ಅಷ್ಟರಲ್ಲಿ ಜೋಡಿಗೈ ಎಡತೋಳನ್ನು ಮೆಲ್ಲಗೆ ಮುಂದಕ್ಕೆ ತಂದು, ಉಕ್ಕಿನ ಅಂಗೈಯನ್ನು ಮೇಲಕ್ಕೆ ತೆರೆದು, ಅಲುಗಾಡದೆ ನಿಂತುಬಿಟ್ಟಿತು. ಒಂದು, ಎರಡು, ಹತ್ತು ಸೆಕೆಂಡು. ನಲವತ್ತು ಸೆಕೆಂಡು. ಆಮೇಲೆ ಗುಂಡಿ ಒತ್ತಿತು.

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಏಳು ಮಂದಿ ನೆಲ ನೋಡಿದರು. ದಾಕ್ಷಾಯಿಣಿಯ ಕಣ್ಣು ತುಂಬಿ ಬಂತು. ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. ಉಕ್ಕು ಶಿವನನ್ನು ನೆನೆಯಿತೆಂದು ಅವಳೇನೂ ಭಾವಿಸಲಿಲ್ಲ. ಯಾರದೋ ಮನೆಯ ಮಗು ಅವಳ ನಡಿಗೆಯನ್ನೇ ನಡೆದು ತೋರಿಸಿದ ಹಾಗಾಗಿತ್ತು, ಅಷ್ಟೆ.

ಅದೇ ವಾರ ಏಳು ಮಂದಿಗೂ ಕಾಗದ ಬಂತು. ಯುಗಾದಿಗೆ ಅವರ ಕಾಯಂ ಹುದ್ದೆಗಳು ಮುಗಿಯುತ್ತವೆ. ಇಷ್ಟವಿದ್ದವರು ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ, ಜೋಡಿಗೈಯನ್ನು ನೋಡಿಕೊಳ್ಳುವವರಾಗಿ ಉಳಿಯಬಹುದು. ಕೊರಳಿನ ನೀಲಿ ಪಟ್ಟಿ ಕಾಯಂನವರದು, ಹಳದಿ ಗುತ್ತಿಗೆಯವರದು. ನೀಲಿ ಹೋಗಿ ಹಳದಿ ಬರುತ್ತದೆ.

ಮಾಘದ ಹೊತ್ತಿಗೆ ಒಂದು ಸಂಗತಿ ಹೊರಬಿತ್ತು. ಏಳು ಮಂದಿಯ ಕೈಯಲ್ಲಿ ನೂರು ಚಿಪ್ಪಿಗೆ ಎರಡು ಕುಂದು ಬರುತ್ತಿದ್ದದ್ದು, ಜೋಡಿಗೈ ಬಂದ ಮೇಲೆ ಆರಾಗಿತ್ತು. ಕೈ ಅದೇ, ಒತ್ತು ಅದೇ, ಅಳತೆ ಇನ್ನೂ ನಿಖರ. ಆದರೂ ಆರು. ಕುಂದಿನವು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದವು ನಿಜ, ಆದರೆ ಎಲ್ಲವೂ ಸಿಕ್ಕುತ್ತವೆಂದು ಯಾರೂ ಪ್ರಮಾಣ ಮಾಡುವ ಹಾಗಿರಲಿಲ್ಲ. ಕಾರ್ಖಾನೆಯ ಮುಖ್ಯಸ್ಥ ಜಯತೀರ್ಥರು ಅಂಕಿಯ ಮನುಷ್ಯ. ಕೆಟ್ಟವರಲ್ಲ, ಆದರೆ ಅಂಕಿ ಹೇಳದ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕೆಲಸದ ಕೈಪಿಡಿಯಲ್ಲಿ ಇಲ್ಲದ, ಆದರೆ ಏಳು ಮಂದಿಯೂ ತಪ್ಪದೆ ಮಾಡುತ್ತಿದ್ದ ಸಂಗತಿ ಒಂದೇ: ಆ ನಲವತ್ತು ಸೆಕೆಂಡು. ಅದರೊಳಗೆ ಏನೋ ಮರ್ಮವಿದೆ, ಯಂತ್ರ ಅದರ ಹೊರಗನ್ನು ಮಾತ್ರ ಕಲಿತಿದೆ ಎಂದು ಅವರಿಗೆ ಅನ್ನಿಸಿತು. ಬುಧವಾರ ಕಂಟ್ರೋಲ್ ರೂಮಿಗೆ ಬಂದು ಆಗ ಏನು ಮಾಡುತ್ತೀರೆಂದು ವಿವರಿಸಬೇಕು ಎಂದು ಹೇಳಿಕಳಿಸಿದರು. ಉಪಯೋಗದ ಸಂಗತಿಯಾದರೆ ಏಳು ಹುದ್ದೆಗಳನ್ನು ಉಳಿಸಿಕೊಳ್ಳುವ ಮಾತನ್ನೂ ಜೊತೆಗೆ ಸೇರಿಸಿದರು.

ಮಂಗಳವಾರ ಊಟದ ಹೊತ್ತಿಗೆ ಕ್ಯಾಂಟೀನಿನ ಮೂಲೆಯಲ್ಲಿ ರಾಚಯ್ಯ ಎಲ್ಲರನ್ನೂ ಕೂರಿಸಿಕೊಂಡ. ಅಂಗೈ ಚಾಚಿ ನಿಂತಾಗ ಯಂತ್ರದಿಂದ ಗಾಳಿ ಹೀರುವ ಪಂಪಿನ ಸದ್ದು ಕೇಳುತ್ತೇವೆ, ಮುಚ್ಚಳ ಸರಿಯಾಗಿ ಕೂತಿದ್ದರೆ ಸದ್ದು ಒಂದು ಥರ, ಕೂರದಿದ್ದರೆ ಇನ್ನೊಂದು ಥರ, ಅದು ಹದಿನಾಲ್ಕು ವರ್ಷ ಕೇಳಿದ ಕಿವಿಗೆ ಮಾತ್ರ ಗೊತ್ತಾಗುತ್ತದೆ ಎಂದು ಹೇಳಿಬಿಡೋಣ ಎಂದ. ಎಲ್ಲರೂ ತಲೆಯಾಡಿಸಿದರು. ಶುರು ಮಾಡಿದವಳು ಅವಳಾದ್ದರಿಂದ ದಾಕ್ಷಾಯಿಣಿಯೇ ಹೇಳಬೇಕೆಂದು ತೀರ್ಮಾನವಾಯಿತು.

"ಪಂಪ್ ಸದ್ದು ಕೇಳೋಕೆ ಅಂಗೈ ಯಾಕ್ ಚಾಚ್ತೀರಿ ಅಂದ್ರೆ?" ಎಂದಳು ದಾಕ್ಷಾಯಿಣಿ.

"ನಡುಕ ಗೊತ್ತಾಯ್ತದೆ ಅನ್ನು. ಗಾಳೀಲಿ ಬತ್ತದೆ ಅನ್ನು. ಅವರೇನ್ ಬಂದು ಅಂಗೈ ಚಾಚಿ ನೋಡಾರಾ?" ಎಂದ ರಾಚಯ್ಯ. "ಎಲ್ಡ್ ವರ್ಸ ಅದೆ ಕನವ್ವ ನನ್ನ ಸರ್ವೀಸು. ಹಳದಿ ಹಗ್ಗ ಕಟ್ಕಂಡು ಮನೆಗೆ ಹೋಗೋ ಹಂಗ್ ಮಾಡ್ಬ್ಯಾಡ."

ಸಂಜೆ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕೂತವಳು ಎರಡನೆಯ ಸಾಲಿನ ಶಶಿರೇಖಾ. ಮೂವತ್ತೆಂಟು ವರ್ಷದ ಹೆಂಗಸು, ನಾಲ್ಕು ವರ್ಷದಿಂದ ಹಳದಿ ಪಟ್ಟಿ, ಮೂರು ತಿಂಗಳಿಗೊಮ್ಮೆ ನವೀಕರಣ. ನಾಳೆಯ ಸಭೆಯ ಸುದ್ದಿ ಅವಳಿಗೂ ಮುಟ್ಟಿತ್ತು. ಮಾತಿಗೆ ಮಾತು ಬಂದು, ಅಂಗೈ ಚಾಚಿ ನಿಂತಾಗ ನಿನಗೆ ಏನನ್ನಿಸುತ್ತದೆ ಎಂದು ದಾಕ್ಷಾಯಿಣಿ ಕೇಳಿದಳು. ಶಶಿರೇಖಾ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಕೆಲವು ಸಲ ಮನಸ್ಸು ಒಪ್ಪುವುದಿಲ್ಲ, ಆದರೂ ಗುಂಡಿ ಒತ್ತಿಬಿಡುತ್ತೇನೆ ಎಂದಳು. ಅಷ್ಟು ಹೇಳಿ, ತನ್ನ ಮಾತಿಗೆ ತಾನೇ ಹೆದರಿದವಳಂತೆ ಮಕ್ಕಳ ಶಾಲೆಯ ವಿಷಯ ಎತ್ತಿದಳು.

ಬಸ್ಸು ಓಡಿಸುತ್ತಿದ್ದವನು ದಾಕ್ಷಾಯಿಣಿಯ ಗಂಡ ಗುರುಮಲ್ಲಪ್ಪ. ಅವನೂ ಮೊದಲು ಕಾರ್ಖಾನೆಯ ಕಾಯಂ ಚಾಲಕ. ಐದು ವರ್ಷದ ಹಿಂದೆ ಬಸ್ಸುಗಳನ್ನೆಲ್ಲ ಏಜೆನ್ಸಿಗೆ ವಹಿಸಿದಾಗ ಬಸ್ಸಿನ ಜೊತೆ ಅವನನ್ನೂ ವಹಿಸಿದರು. ಅದೇ ಬಸ್ಸು, ಅದೇ ದಾರಿ, ಕೊರಳಿನ ಪಟ್ಟಿ ಬೇರೆ.

ಆ ಸಂಜೆ ದೀಪ ಹಚ್ಚಿದ ಮೇಲೆ ಗಂಡ ಹೆಂಡತಿ ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿದುಕುತ್ತ ಕೂತರು. ಬೆರಳ ನಡುವೆ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಪಟ್ಟನೆ ತಟ್ಟೆಗೆ ಹಾರುತ್ತಿತ್ತು. ದಾಕ್ಷಾಯಿಣಿ ನಾಳೆಯ ಸಂಗತಿಯನ್ನೆಲ್ಲ ಹೇಳಿದಳು. ಸುಳ್ಳು ಹೇಳಿದರೆ ಏಳು ಮನೆ ಉಳಿಯುತ್ತವೆ. ಆದರೆ ಆ ಸುಳ್ಳನ್ನು ಎಲ್ಲಿಟ್ಟು ಹೇಳುವುದು? ಲಿಂಗವನ್ನು ಕಾಣುವ ಅಂಗೈಯಲ್ಲೇ ಇಟ್ಟು ಹೇಳಬೇಕಲ್ಲ. ಮಾರನೆಯ ಬೆಳಿಗ್ಗೆ ಅದೇ ಅಂಗೈಯನ್ನು ಮತ್ತೆ ಚಾಚುವುದು ಹೇಗೆ? ನೀವೇನು ಹೇಳುತ್ತೀರಿ ಎಂದು ಕೇಳಿದಳು.

ಗುರುಮಲ್ಲಪ್ಪ ಇನ್ನೊಂದು ಹಿಡಿ ಕಾಳನ್ನು ಮುಂದಕ್ಕೆ ಎಳೆದುಕೊಂಡ.

"ನಿನ್ ಲಿಂಗ, ನಿನ್ ಅಂಗೈ. ಅದ್ರಲ್ಲಿ ನಾನೇನ್ ಹೇಳ್ಲಿ ದಾಕ್ಷಿ," ಎಂದ. ಆಮೇಲೆ, "ನಾ ಕಾಯಂ ಇದ್ದಾಗ ಒಂದಿನ ಬ್ರೇಕ್ ಪೆಡಲು ಮೆತ್ತಗಾಯ್ತದೆ ಅಂತ ಬಸ್ ನಿಲ್ಸಿ ಇಳ್ದಿದ್ದೆ, ನೆಪ್ಪದಾ?"

"ಹೂಂ. ಐವತ್ತು ಜನ ಬಿಸ್ಲಲ್ಲಿ ನಿಂತಿದ್ವಿ ಅಂತ ರಾಚಯ್ಯಣ್ಣ ಇವತ್ಗೂ ಆಡ್ಕತ್ತನೆ."

"ಸೂಪರ್‌ವೈಜರ್ ಬೈದ. ಬೈಸ್ಕಂಡೆ. ಮಾರನೆ ದಿನ ಹೋಗಿ ಅದೇ ಸೀಟಲ್ಲಿ ಕೂತ್ಕಂಡೆ." ಅವನು ಒಂದು ಕಾಳನ್ನು ಹಿದುಕದೆ ಬೆರಳಲ್ಲೇ ಹಿಡಿದುಕೊಂಡ. "ಹೋದ್ ತಿಂಗ್ಳೂ ಹಂಗೇ ಮೆತ್ತಗಾಯ್ತು. ಇಳೀಲಿಲ್ಲ. ಎಲ್ರುನೂ ಕೂರುಸ್ಕಂಡು ಓಡಿಸ್ಕಂಡ್ ಬಂದ್ಬುಟ್ಟೆ. ನೀನೂ ಇದ್ದೆ ಅದ್ರಲ್ಲಿ."

ದಾಕ್ಷಾಯಿಣಿ ಗಂಡನ ಮುಂದಿದ್ದ ಸಿಪ್ಪೆಯನ್ನು ಒಟ್ಟು ಮಾಡಿ ಮೊರಕ್ಕೆ ಹಾಕಿಕೊಂಡಳು. ಅವನು ಯಾಕೆ ಇಳಿಯಲಿಲ್ಲ ಎಂದು ಕೇಳುವ ಅಗತ್ಯವಿರಲಿಲ್ಲ. ಹೋದ ತಿಂಗಳು ಒಂದು ಸಂಜೆ ಬಸ್ಸು ಕೆರೆಯ ಏರಿಯ ಮೇಲೆ ಬರುವಾಗ ಅವನು ಎಂದಿಗಿಂತ ನಿಧಾನವಾಗಿ ಓಡಿಸಿದ್ದು, ಮನೆಗೆ ಬಂದು ಲಿಂಗದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದು ಈಗ ಅವಳಿಗೆ ಅರ್ಥವಾಯಿತು.

ಬುಧವಾರ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ಜಯತೀರ್ಥರು, ಏಳು ಮಂದಿ, ಮತ್ತೆ ಫರ್ಹಾನಾ. ಫರ್ಹಾನಾ ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ. ಕಲಿಗವಸಿನ ಬರಹವನ್ನು ಜೋಡಿಗೈಗೆ ಪಾಠ ಮಾಡಿಸಿದ ಎಂಜಿನಿಯರ್. ಗೋಡೆಯಗಲದ ಪರದೆಯ ಮೇಲೆ ಹನ್ನೆರಡು ಯಂತ್ರಗಳ ನಾಡಿ ಹಸಿರು ಗೆರೆಗಳಲ್ಲಿ ಹರಿಯುತ್ತಿತ್ತು. ಹೊರಗಿನ ಬಿಸಿಲಿನ ಸುಳಿವೂ ಇಲ್ಲದ ತಣ್ಣನೆಯ ಕೋಣೆ.

ಜಯತೀರ್ಥರು ದಾಕ್ಷಾಯಿಣಿಯತ್ತ ತಿರುಗಿ, ಆ ನಲವತ್ತು ಸೆಕೆಂಡಿನಲ್ಲಿ ನೀವು ಏನನ್ನು ಪರೀಕ್ಷಿಸುತ್ತೀರಿ ಎಂದು ಮರ್ಯಾದೆಯಿಂದಲೇ ಕೇಳಿದರು. ರಾಚಯ್ಯ ಗಂಟಲು ಸರಿಮಾಡಿಕೊಂಡ.

"ಏನೂ ಪರೀಕ್ಷೆ ಮಾಡಲ್ಲ ಸಾರ್," ಎಂದಳು ದಾಕ್ಷಾಯಿಣಿ. "ಪೂಜೆ ಮಾಡ್ತೀನಿ. ಒಳಗೆ ವಿಭೂತಿ ತರಂಗಿಲ್ಲ, ಹೂವು ತರಂಗಿಲ್ಲ. ಅದಕ್ಕೆ ಅಂಗೈಲಿ ಲಿಂಗ ಅದೆ ಅಂದ್ಕಂಡು ನಿಂತ್ಕತೀನಿ. ನನ್ ನೋಡಿ ಇವರೂ ನಿಂತ್ಕಂಡ್ರು. ಅಷ್ಟೇಯ."

ರಾಚಯ್ಯ ಕಣ್ಣು ಮುಚ್ಚಿಕೊಂಡ. ಜಯತೀರ್ಥರು ನಗಲಿಲ್ಲ; ಅದು ಅವರ ದೊಡ್ಡತನ. ನಿಜ ಹೇಳಿದ್ದಕ್ಕೆ ವಂದನೆ ತಿಳಿಸಿ, ಹಾಗಾದರೆ ಜೋಡಿಗೈಯ ಪಾಠದಿಂದ ಆ ನಲವತ್ತು ಸೆಕೆಂಡನ್ನು ಕತ್ತರಿಸಿಬಿಡಿ ಎಂದು ಫರ್ಹಾನಾಗೆ ಹೇಳಿ, ಎದ್ದು ನಿಲ್ಲುವವರಿದ್ದರು.

ಎಲ್ಲಿಂದ ಕತ್ತರಿಸಬೇಕೆಂದು ನೋಡಲು ಫರ್ಹಾನಾ ಹಳೆಯದೊಂದು ದಿನದ ಬರಹವನ್ನು ಪರದೆಗೆ ತಂದಳು. ಕತ್ತಲಿನಲ್ಲಿ ಬಿಳಿಗೆರೆಗಳ ಎರಡು ಕೈ. ದೇಹವಿಲ್ಲ, ಮುಖವಿಲ್ಲ. ದಾಕ್ಷಾಯಿಣಿ ತನ್ನ ಕೈಗಳನ್ನು ಗುರುತು ಹಿಡಿದಳು; ಬಲಗೈಯ ಕಿರುಬೆರಳು ಸ್ವಲ್ಪ ಆಚೆಗೆ ಸಿಡಿದಿರುವುದು ಅವಳ ತಾಯಿಯಿಂದ ಬಂದದ್ದು. ದಿನಾಂಕ ನೋಡಿದಳು. ಎರಡು ವರ್ಷದ ಹಿಂದಿನ ಶಿವರಾತ್ರಿಯ ಮಾರನೆಯ ದಿನ. ಕೈಗಳು ಒರೆಸಿದವು, ಉಂಗುರ ಕೂರಿಸಿದವು, ಮುಚ್ಚಿದವು. ಎಡಗೈ ಮುಂದೆ ಬಂದು ತೆರೆದುಕೊಂಡಿತು. ನಲವತ್ತು ಸೆಕೆಂಡಾದ ಮೇಲೆ ಪರದೆ ಕಪ್ಪಾಯಿತು.

"ಮುಂದಕ್ಕೆಲ್ಲಿ ತಾಯಿ?" ಎಂದು ದಾಕ್ಷಾಯಿಣಿ ಕೇಳಿದಳು. ಆ ದಿನ ತಾನು ಗುಂಡಿ ಒತ್ತಿರಲಿಲ್ಲ, ಮುಚ್ಚಳವನ್ನು ಮತ್ತೆ ತೆಗೆದಿದ್ದೆ. ಜಾಗರಣೆಯ ಆಯಾಸವಿದ್ದದ್ದರಿಂದ ಚೆನ್ನಾಗಿ ನೆನಪಿದೆ ಎಂದಳು. ಕಣ್ಣು ನೆಟ್ಟು ನಿಂತರೆ ಮನಸ್ಸು ಕೂರಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿತು. ತೆಗೆದು ನೋಡಿದರೆ ಉಂಗುರ ಒಂದು ಕಡೆ ಎಳೆಯಷ್ಟು ಎದ್ದಿತ್ತು.

ಫರ್ಹಾನಾ ಹುಡುಕಿದಳು. ಸಿಕ್ಕಿತು, ಆದರೆ ಬೇರೆ ಕಡೆ, ಕಸದ ಬುಟ್ಟಿಯಂಥ ಒಂದು ಜಾಗದಲ್ಲಿ. ಅವಳ ಮುಖ ಚಿಕ್ಕದಾಯಿತು.

"ಅಕ್ಕ, ಇವನ್ನೆಲ್ಲ ನಾನೇ ತೆಗ್ದಿದ್ದು. ಮುಚ್ಚಿದ್ದನ್ನ ಮತ್ತೆ ತೆಗೆದ್ರೆ ಅದು ತಪ್ಪು ಅಂತ ಅಂದ್ಕೊಂಡೆ. ಯಂತ್ರಕ್ಕೆ ತಪ್ಪು ಕಲಿಸ್ಬಾರ್ದು ಅಂತ ಕ್ಲೀನ್ ಮಾಡಿದೆ."

ಬುಟ್ಟಿಯಲ್ಲಿದ್ದದ್ದನ್ನು ಎಣಿಸಿದರು. ಏಳು ಮಂದಿಯೂ ನೂರು ಸಲಕ್ಕೆ ಹನ್ನೊಂದು ಸಲ ಮುಚ್ಚಳ ಮತ್ತೆ ತೆಗೆದಿದ್ದರು. ಅದೂ ಅಂಗೈ ತೆರೆದು ನಿಂತ ಮೇಲೆಯೇ. ಆ ನಲವತ್ತು ಸೆಕೆಂಡು ಯಾವ ಮರ್ಮವೂ ಅಲ್ಲ, ಸುಮ್ಮನೆ ಒಂದು ಬಿಡುವು. ಕೈಗೆ ಗೊತ್ತಾಗಿ ತಲೆಗೆ ಗೊತ್ತಾಗದೆ ಉಳಿದ ಅನುಮಾನಗಳು ಆ ಬಿಡುವಿನಲ್ಲಿ ಮೇಲೆ ಬರುತ್ತಿದ್ದವು. ಯಂತ್ರ ಬಿಡುವನ್ನು ಕಲಿತಿತ್ತು. ಅನುಮಾನವನ್ನು ಅದಕ್ಕೆ ಯಾರೂ ತೋರಿಸಿರಲಿಲ್ಲ.

ಜಯತೀರ್ಥರು ಕುರ್ಚಿಯಲ್ಲಿ ಮತ್ತೆ ಕೂತರು. ಎರಡನೆಯ ಸಾಲಿನ ಹನ್ನೆರಡು ಮಂದಿಯ ಬರಹವನ್ನೂ ತೆರೆಯಲು ಹೇಳಿದರು. ಅವರೂ ಅಂಗೈ ತೆರೆದು ನಿಂತಿದ್ದರು, ನಲವತ್ತು ಸೆಕೆಂಡು, ಒಂದು ಸೆಕೆಂಡೂ ಕಡಿಮೆಯಿಲ್ಲದೆ. ಮುಚ್ಚಳವನ್ನು ಮತ್ತೆ ತೆಗೆದವರು ಒಬ್ಬರೂ ಇಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಇಲ್ಲ. ಅವರ ಯಂತ್ರಗಳಲ್ಲಿ ಕುಂದು ಮೊದಲಿನಿಂದಲೂ ನೂರಕ್ಕೆ ಆರು. ಹೊಸಬರು, ಪಳಗಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ಅವರಿಗೆ ಅನುಮಾನವೇ ಬರುವುದಿಲ್ಲವೇ ಎಂದು ಜಯತೀರ್ಥರು ಕೇಳಿದರು.

ದಾಕ್ಷಾಯಿಣಿಗೆ ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದ ಮುಖ ಕಣ್ಣಿಗೆ ಬಂತು. ಅವರೆಕಾಳು ಹಿಡಿದಿದ್ದ ಬೆರಳೂ ಕಂಡಿತು. ಎರಡು ಹೆಸರನ್ನೂ ಅವಳು ನಾಲಿಗೆಯ ಹಿಂದೆಯೇ ಇಟ್ಟುಕೊಂಡಳು.

"ಬತ್ತದೆ ಸಾರ್. ಅವರೂ ನಮ್ ಹಂಗೇ ಮನುಷ್ಯರು," ಎಂದಳು. "ಮುಚ್ಚಳ ಮತ್ತೆ ತೆಗುದ್ರೆ ಯಂತ್ರ ಎರಡು ಗಂಟೆ ನಿಂತ್ಕತದೆ. ನಾನು ತೆಗುದ್ರೆ ನೀವು ಒಂದ್ ಮಾತು ಬೈತೀರಿ, ನಾಳೆ ಮತ್ತೆ ಬತ್ತೀನಿ. ಅವರು ತೆಗುದ್ರೆ ಕೆಂಪು ಚೀಟಿ. ಮೂರು ಚೀಟಿ ಆದ್ರೆ ಗೇಟು. ಅದಕ್ಕೆ ಮನಸ್ಸು ಬ್ಯಾಡ ಅಂದ್ರೂ ಬೆರಳು ಒತ್ಬುಡ್ತದೆ. ಯುಗಾದಿ ಆದ್ಮೇಲೆ ನಾನೂ ಒತ್ತೀನಿ. ಲಿಂಗದ ಮುಂದೆ ನಿಂತ್ಕಂಡೇ ಒತ್ತೀನಿ."

ಕೊನೆಯ ಮಾತಿಗೆ ಅವಳ ದನಿ ಸಣ್ಣಗಾಯಿತು. ರಾಚಯ್ಯ ಮೊದಲ ಸಲ ಕಣ್ಣು ಬಿಟ್ಟು ಅವಳನ್ನು ನೋಡಿದ.

ಜಯತೀರ್ಥರು ಒಂದು ಮಾತಿಗೆ ಒಪ್ಪುವ ಪೈಕಿ ಅಲ್ಲ. ಬುಟ್ಟಿಗೆ ಹಾಕಿದ್ದನ್ನೆಲ್ಲ ವಾಪಸ್ ತಂದು ಜೋಡಿಗೈಗೆ ಮತ್ತೆ ಪಾಠ ಮಾಡಿಸಲು ಹೇಳಿದರು. ಎರಡು ವಾರ ಹಿಡಿಯಿತು. ಈಗ ಜೋಡಿಗೈ ಅಂಗೈ ತೆರೆದು ನಿಂತು, ಆಮೇಲೆ ಕೆಲವು ಸಲ ಮುಚ್ಚಳವನ್ನು ಮತ್ತೆ ತೆಗೆಯತೊಡಗಿತು. ಎಲ್ಲರೂ ಗಾಜಿಗೆ ಮೂಗು ಹಚ್ಚಿ ನೋಡಿದರು. ನೂರಕ್ಕೆ ಹನ್ನೊಂದು ಸಲ, ಕರಾರುವಾಕ್ಕಾಗಿ. ಉಂಗುರ ನೆಟ್ಟಗೆ ಕೂತಿದ್ದಾಗಲೂ ತೆಗೆಯುತ್ತಿತ್ತು. ಓರೆಯಾಗಿದ್ದಾಗ ಗುಂಡಿ ಒತ್ತುತ್ತಿತ್ತು. ಕುಂದು ಆರೇ ಉಳಿಯಿತು. ಎಷ್ಟು ಸಲ ತೆಗೆಯಬೇಕೆಂದು ಗೊತ್ತಾಗಿದೆ, ಯಾವಾಗ ಎಂದು ಗೊತ್ತಾಗಿಲ್ಲ ಎಂದು ಫರ್ಹಾನಾ ತಲೆ ಕೆರೆದುಕೊಂಡಳು. ಮನಸ್ಸು ಬೇಡ ಅಂದದ್ದಕ್ಕೆ ಏನು ಕಾರಣವೆಂದು ಅವಳು ದಾಕ್ಷಾಯಿಣಿಯನ್ನೇ ಹಲವು ಸಲ ಕೇಳಿದಳು. ಗೊತ್ತಿದ್ದರೆ ನಾನೇ ಗವಸಿಗೆ ಹೇಳುತ್ತಿದ್ದೆನಲ್ಲ ತಾಯಿ ಎಂದಳು ದಾಕ್ಷಾಯಿಣಿ. ಅದು ಸುಳ್ಳಲ್ಲ. ಒರೆಸುವಾಗ ಬಟ್ಟೆ ಎಲ್ಲೋ ಒಂದು ಕಡೆ ತಡೆದದ್ದೋ, ಮುಚ್ಚಳ ಕೂತಾಗ ಭುಜಕ್ಕೆ ಬಂದ ಭಾರವೋ, ಹೇಳಿದವರು ಯಾರು?

ಆಮೇಲೆ ಜಯತೀರ್ಥರು ಎರಡನೆಯ ಪರೀಕ್ಷೆ ಮಾಡಿದರು. ಮುಂದಿನ ಮೂರು ತಿಂಗಳು ಮುಚ್ಚಳ ಮತ್ತೆ ತೆಗೆದರೆ ಗುತ್ತಿಗೆಯವರಿಗೂ ಕೆಂಪು ಚೀಟಿ ಇಲ್ಲ ಎಂದು ಸಹಿ ಹಾಕಿದ ಕಾಗದವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಟಿಸಿದರು. ಒಂದು ವಾರ ಕಳೆಯಿತು. ಎರಡು ವಾರ. ಎಲ್ಲರೂ ಕಾಗದ ಓದಿದರು, ಒಳಗೆ ಹೋದರು, ಗುಂಡಿ ಒತ್ತಿದರು. ಒಂದು ಮುಚ್ಚಳವೂ ಮತ್ತೆ ತೆರೆಯಲಿಲ್ಲ.

ಜಯತೀರ್ಥರು ದಾಕ್ಷಾಯಿಣಿಯನ್ನು ಕರೆಸಿ, ಈಗಲೂ ಯಾಕೆ ಹೆದರುತ್ತಾರೆ, ಬರೆದುಕೊಟ್ಟಿದ್ದೇನಲ್ಲ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಳತೆ ತಪ್ಪಿದ ಮನುಷ್ಯನ ಗಲಿಬಿಲಿ ಇತ್ತು.

"ಆ ಕಾಗ್ದಕ್ಕೆ ಮೂರೇ ತಿಂಗ್ಳು ಸಾರ್. ಅವರಿಗೂ ಮೂರೇ ತಿಂಗ್ಳು," ಎಂದಳು ದಾಕ್ಷಾಯಿಣಿ. "ಎರಡೂ ಒಟ್ಟಿಗೇ ಮುಗೀತದೆ."

ಜಯತೀರ್ಥರು ಆ ಸಂಜೆ ತಡವಾಗಿ ಮನೆಗೆ ಹೋದರೆಂದು ಕಾವಲಿನವರು ಹೇಳಿದರು. ಕಂಪನಿಯ ಕೇಂದ್ರ ಕಚೇರಿಗೆ ಅವರು ಏನು ಬರೆದರೋ ಯಾರಿಗೂ ಪೂರ್ತಿ ಗೊತ್ತಿಲ್ಲ. ಫರ್ಹಾನಾ ಒಂದು ಸಾಲು ನೋಡಿದ್ದಳಂತೆ: ಈ ಕೆಲಸಕ್ಕೆ ಬೇಕಾದ ಸೂಕ್ಷ್ಮತೆ ಎಲ್ಲರ ಕೈಯಲ್ಲೂ ಇದೆ, ಅದು ಹೊರಬರಬೇಕಾದರೆ ನಾಳೆಯೂ ತಾನಿಲ್ಲಿರುತ್ತೇನೆಂದು ಆ ಮನುಷ್ಯನಿಗೆ ಗೊತ್ತಿರಬೇಕು.

ಯುಗಾದಿಗೆ ಮೂರು ದಿನವಿದ್ದಾಗ ಉತ್ತರ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ. ಒರೆಸುವ, ಉಂಗುರ ಕೂರಿಸುವ ದುಡಿಮೆಯನ್ನು ಎರಡೂ ಸಾಲಿನಲ್ಲಿ ಜೋಡಿಗೈಯೇ ಮಾಡಬೇಕು. ಪಕ್ಕದಲ್ಲಿ ಒಬ್ಬ ಕಾಯಂ ನೌಕರ ನಿಂತು, ತನ್ನ ಕೈಯಿಂದಲೇ ಮುಚ್ಚಳ ಮುಟ್ಟಿ ನೋಡಿ, ಒತ್ತುವುದೋ ತೆಗೆಯುವುದೋ ಹೇಳಬೇಕು. ಅದಕ್ಕೆ ಹದಿಮೂರು ಮಂದಿ ಸಾಕು. ಮೊದಲ ಸಾಲಿನ ಏಳು ಮಂದಿ ಉಳಿದರು. ಹನ್ನೆರಡು ಗುತ್ತಿಗೆಯವರಲ್ಲಿ ಶಶಿರೇಖಾಳೂ ಸೇರಿ ಹಳಬರಾದ ಆರು ಮಂದಿ ನೀಲಿ ಪಟ್ಟಿಗೆ ಬಂದರು. ಇನ್ನಾರು ಮಂದಿ ಹಳದಿ ಪಟ್ಟಿಯಲ್ಲೇ ಪ್ಯಾಕಿಂಗ್ ವಿಭಾಗಕ್ಕೆ ಹೋದರು. ಅವರು ಹೋಗುವ ದಿನ ದಾಕ್ಷಾಯಿಣಿಗೆ ಬುತ್ತಿ ಇಳಿಯಲಿಲ್ಲ. ಬಸ್ಸಿನವರ ವಿಷಯ ಯಾವ ಕಾಗದದಲ್ಲೂ ಇರಲಿಲ್ಲ. ಗುರುಮಲ್ಲಪ್ಪ ಮಾತ್ರ ಅದರ ಮಾರನೆಯ ದಿನ ಯಾರನ್ನೂ ಕೇಳದೆ ಬಸ್ಸನ್ನು ಗ್ಯಾರೇಜಿಗೆ ಬಿಟ್ಟು, ಬ್ರೇಕು ಸರಿಯಾಗುವ ತನಕ ಕೀಲಿ ಜೇಬಲ್ಲಿಟ್ಟುಕೊಂಡು ಕೂತಿದ್ದ. ಏಜೆನ್ಸಿಯವರು ಇನ್ನೂ ಏನೂ ಹೇಳಿರಲಿಲ್ಲ. ಹೇಳುವುದು ಇನ್ನೂ ಬಾಕಿಯಿತ್ತು.

ರಾಚಯ್ಯ ಹಬ್ಬದ ದಿನ ಬೇವು ಬೆಲ್ಲ ಕೊಡಲು ಬಂದವನು, ಪಂಪಿನ ಸದ್ದಿನ ಕತೆ ಬಹಳ ಚೆನ್ನಾಗಿತ್ತು, ನೀನು ಹಾಳು ಮಾಡಿದೆ ಎಂದು ಹೇಳಿ ಹೋದ.

ಹಬ್ಬ ಕಳೆದ ಗುರುವಾರ. ಎರಡನೆಯ ಸಾಲಿನ ಮೂರನೆಯ ಯಂತ್ರದ ಮುಂದೆ ಶಶಿರೇಖಾ ನಿಂತಿದ್ದಳು. ಜೋಡಿಗೈ ಕೆಲಸ ಮುಗಿಸಿ ಹಿಂದೆ ಸರಿಯಿತು. ಅವಳು ಮುಚ್ಚಳ ಮುಟ್ಟಿದಳು, ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಕೈ ಗುಂಡಿಯ ಕಡೆಗೆ ಹೋಗಲಿಲ್ಲ. ಯಂತ್ರದ ನೆತ್ತಿಯ ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿತು, ಮುಚ್ಚಳ ಏಳತೊಡಗಿತು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕೆಲಸ ಬಿಟ್ಟು ಆ ದೀಪವನ್ನೇ ನೋಡಿದರು. ಗಾಜಿನಾಚೆ ಜಯತೀರ್ಥರು ಬಂದು ನಿಂತರು. ಒಂದು ಗಳಿಗೆ ನೋಡಿದರು. ಏನೂ ಹೇಳದೆ ಬಂದ ದಾರಿಯಲ್ಲೇ ಹೋದರು.

ಎರಡು ಗಂಟೆ ಯಂತ್ರ ನಿಂತಿತ್ತು.

ಊಟದ ಹೊತ್ತಿಗೆ ಶಶಿರೇಖಾ ಕ್ಯಾಂಟೀನಿಗೆ ಬಂದಳು. ಮುಸುಕು ತೆಗೆದ ಹಣೆಯ ಮೇಲೆ ಬೆವರಿತ್ತು. ದಾಕ್ಷಾಯಿಣಿಯ ಎದುರಿಗೆ ಬಂದು ನಿಂತೇ ಇದ್ದಳು, ಕೂರಲಿಲ್ಲ.

"ಒಳಗೆ ಏನೂ ಇರ್ಲಿಲ್ಲ ಅಕ್ಕ," ಎಂದಳು. "ಉಂಗ್ರ ನೆಟ್ಟಗೇ ಕೂತಿತ್ತು. ಒಂದ್ ನಾರೂ ಇಲ್ಲ. ಎಲ್ಲ ಸರಿಯಾಗೇ ಇತ್ತು."

"ಇರ್ಲಿ ಬುಡು," ಎಂದಳು ದಾಕ್ಷಾಯಿಣಿ, ಬೆಂಚಿನ ಮೇಲೆ ಅತ್ತ ಸರಿದು ಜಾಗ ಮಾಡಿಕೊಡುತ್ತ. "ಕೂತ್ಕ. ಅನ್ನ ಆರೋಯ್ತದೆ."